ಮೋಟಾರ್ ಸೈಕಲ್ಲಿನ ಕೂಲೆಂಟ್: ಬದಲಾಯಿಸುವ ಕ್ರಮ ಮತ್ತು ವಹಿಸಬೇಕಾದ ಎಚ್ಚರ



ಕಾಯಿಕೊರಕ, ಕೊಳೆರೋಗ, ಸುಣ್ಣ, ಗೊಬ್ಬರ ಮುಂತಾದ ವಿಷಯಗಳನ್ನೇ ಈ ಪುಟಗಳಲ್ಲಿ ಓದಿ ರೂಢಿಯಾದ ತಮಗೆ ಈ ತಿಂಗಳ ತಲೆಬರಹ ಕಂಡು, ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಅನ್ನಿಸಬಹುದು. ಆದರೆ ಗೊಬ್ಬರ ಬಂದ ದಿನ ಸಂಘದ ಗೋದಾಮಿನ ಮುಂದೆ ನಿಂತಿರುವ ವಾಹನಗಳನ್ನು ಒಮ್ಮೆ ಎಣಿಸಿ ನೋಡಿ. ಜೀಪು ನಾಲ್ಕಿದ್ದರೆ ಮೋಟಾರ್ ಸೈಕಲ್ಲು ನಲವತ್ತು. ಐದು ಎಕರೆ ಕಾಫಿ, ಎರಡು ಎಕರೆ ಅಡಿಕೆ ಇರುವ ಬೆಳೆಗಾರನಿಗೆ ಸವಾರಿಗೂ ಅದೇ, ಸಣ್ಣಪುಟ್ಟ ಸರಕಿಗೂ ಅದೇ. ಕೊಯ್ಲಿನ ಕಾಲದಲ್ಲಿ ಅದು ಮೂರು ದಿನ ಕೆಟ್ಟು ನಿಂತರೆ ಆಗುವ ತೊಂದರೆ ಎಷ್ಟೆಂಬುದು ನಮ್ಮೆಲ್ಲರಿಗೂ ತಿಳಿದದ್ದೇ. ಮೇಲಾಗಿ, ಈ ವಿಷಯದಲ್ಲಿ ನಾನೇ ಎರಡು ತಪ್ಪು ಮಾಡಿ ಎರಡು ಸಲ ದಂಡ ತೆತ್ತಿದ್ದೇನೆ. ಮೊದಲನೆಯದು ಹಣದಲ್ಲಿ ಮುಗಿಯಿತು. ಎರಡನೆಯದು ಹಣದಲ್ಲಿ ಮುಗಿಯಲಿಲ್ಲ. ಅವೆರಡನ್ನೂ ಮುಂದೆ ತಿಳಿಸುತ್ತೇನೆ.

ಯಾವ ಗಾಡಿಗೆ ಕೂಲೆಂಟ್ ಬೇಕು?

ನಮ್ಮ ತಂದೆಯವರ ಕಾಲದ ಗಾಡಿಗಳಿಗೆ ಈ ಗೊಡವೆಯೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961 ರಿಂದ 1996 ರವರೆಗೆ ತಯಾರಾದ ಜಾವಾ, ಯೆಜ್ಡಿಗಳಾಗಲಿ, ಹಳೆಯ ಬುಲೆಟ್ಟಾಗಲಿ ಗಾಳಿಯಿಂದ ತಣಿಯುವಂಥವು. ಇಂಜಿನ್ನಿನ ಸುತ್ತ ಇರುವ ರೆಕ್ಕೆಗಳಿಗೆ ಗಾಳಿ ತಗುಲಿ ಶಾಖ ಹೊರಹೋಗುತ್ತಿತ್ತು. ಈಗಿನ ಹಲವು ಗಾಡಿಗಳು ಹಾಗಲ್ಲ. 2008 ರಲ್ಲಿ ಬಂದ ಯಮಹಾ ಆರ್15, 2012 ರಲ್ಲಿ ಬಂದ ಕೆಟಿಎಂ ಡ್ಯೂಕ್ 200 ಮತ್ತು ಪಲ್ಸರ್ 200 ಎನ್‌ಎಸ್, 2018 ರಲ್ಲಿ ಮತ್ತೆ ಹುಟ್ಟಿದ ಜಾವಾ, 2022 ರಲ್ಲಿ ಮರಳಿ ಬಂದ ಯೆಜ್ಡಿ, 2023 ರ ಕೊನೆಯಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಇವೆಲ್ಲ ದ್ರವದಿಂದ ತಣಿಯುವಂಥವು. ಹೆಸರು ಹಳೆಯದಾದರೂ ಹೊಸ ಯೆಜ್ಡಿಯ ಮುಂದೆ ರೇಡಿಯೇಟರ್ ಇದೆ ಎಂಬುದನ್ನು ಹಿರಿಯ ಸದಸ್ಯರು ಗಮನಿಸಬೇಕು.

ತಮ್ಮ ಗಾಡಿ ಯಾವ ಜಾತಿಯದೆಂದು ಸಂಶಯವಿದ್ದರೆ ಇಂಜಿನ್ನಿನ ಮುಂಭಾಗ ನೋಡಿ. ಜೇನುಹುಟ್ಟಿನಂಥ ಅಗಲವಾದ ರೇಡಿಯೇಟರ್, ಅದರ ಹಿಂದೆ ಫ್ಯಾನು, ಪಕ್ಕದಲ್ಲೆಲ್ಲೋ ಕನಿಷ್ಠ-ಗರಿಷ್ಠ ಗೆರೆಯಿರುವ ಪುಟ್ಟ ಪ್ಲಾಸ್ಟಿಕ್ ಟ್ಯಾಂಕು ಇದ್ದರೆ ಈ ಲೇಖನ ತಮಗಾಗಿ. ಕೆಲವು ಗಾಡಿಗಳಲ್ಲಿ ಸಣ್ಣ ಆಯಿಲ್ ಕೂಲರ್ ಮಾತ್ರ ಇರುತ್ತದೆ. ಅದರೊಳಗೆ ಹರಿಯುವುದು ಇಂಜಿನ್ ಆಯಿಲ್ಲೇ, ಕೂಲೆಂಟ್ ಅಲ್ಲ.

ನನ್ನ ಮೊದಲನೆಯ ತಪ್ಪು

ನನ್ನ ಮಗನ ಗಾಡಿಯನ್ನು ಕೊಂಡು ನಾಲ್ಕು ವರ್ಷವಾಗಿತ್ತು. ಆಯಿಲ್ಲನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದೆವು. ಕೂಲೆಂಟ್ ಟ್ಯಾಂಕಿನಲ್ಲಿ ಮಟ್ಟ ಇಳಿದಾಗಲೆಲ್ಲ ಬಾವಿಯ ನೀರು ಹಾಕುತ್ತಿದ್ದವನು ನಾನೇ. ಜೀಪಿನ ರೇಡಿಯೇಟರಿಗೆ ಹಳ್ಳದ ನೀರು ಹಾಕಿ ಮೂವತ್ತು ವರ್ಷ ಓಡಿಸಿದ ಧೈರ್ಯ ಅದು. ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಅವನು ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಇಂಜಿನ್ ಕಾದು ಆವಿ ಎದ್ದು ಗಾಡಿ ನಿಂತಿತು. ಕೊಟ್ಟಿಗೆಹಾರದಿಂದ ಗೂಡ್ಸ್ ಆಟೋ ಕಳಿಸಿ ತರಿಸಿದ್ದಾಯಿತು. ಪೇಟೆಯ ಮೆಕ್ಯಾನಿಕ್ಕು ವಾಟರ್ ಪಂಪ್ ಬಿಚ್ಚಿ ತೋರಿಸಿದ. ಪಂಪಿನ ಚಕ್ರದ ಅಂಚು ತಿಂದು ಹೋಗಿತ್ತು, ಸೀಲು ಹರಿದಿತ್ತು, ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. “ನೀರು ತುಂಬಾ ಇದೆ ಸಾರ್, ಔಷಧಿ ಮಾತ್ರ ಇಲ್ಲ” ಎಂದ. ರಿಪೇರಿಗೆ ಒಂದು ಮೂಟೆ ಚೆರ್ರಿಯ ಬೆಲೆ ಹೋಯಿತು. ಅವನು ಹೇಳಿದ ಆ ಒಂದು ಮಾತಿನಲ್ಲಿ ಈ ಲೇಖನದ ಅರ್ಧ ಸಾರವಿದೆ.

ಕೂಲೆಂಟ್ ಎಂದರೇನು?

ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುವುದು ಚಿಕ್ಕ ಪಾಲು. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದಂಶ ಸೈಲೆನ್ಸರಿನಿಂದ ಹೋಗುತ್ತದೆ. ಇನ್ನೊಂದಂಶವನ್ನು ಇಂಜಿನ್ನಿನ ಗೋಡೆಗಳೊಳಗೆ ಹರಿಯುವ ಕೂಲೆಂಟ್ ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸುತ್ತದೆ. ದ್ರವವನ್ನು ತಿರುಗಿಸಲು ವಾಟರ್ ಪಂಪ್ ಇದೆ. ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು, ಬಿಸಿಯಾದ ಮೇಲೆ ತೆರೆಯುವ ಬಾಗಿಲಿನಂತೆ ಥರ್ಮೋಸ್ಟಾಟ್ ಇದೆ. ಒತ್ತಡ ಹಿಡಿದಿಡಲು ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗ್ ಇದೆ.

ಈ ದ್ರವದಲ್ಲಿ ಮೂರು ಅಂಶಗಳಿವೆ: ನೀರು, ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ, ಮತ್ತು ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯುವ ಔಷಧಿಗಳು. ಶಾಖ ಹೊರುವುದರಲ್ಲಿ ನೀರಿಗೆ ಸಮನಾದದ್ದಿಲ್ಲ. ಆದರೆ ನೀರು ಬೇಗ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು, ಸುಮಾರು 1,000 ಮೀಟರ್ ಎತ್ತರದ ನಮ್ಮ ಕಾಫಿ ಸೀಮೆಯಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಸಮುದ್ರಮಟ್ಟದಲ್ಲಿ ಕುದಿಯುವ ಬಿಂದು ಸುಮಾರು 107 ಡಿಗ್ರಿಗೆ ಏರುತ್ತದೆ. ಮುಚ್ಚಳದ ಒತ್ತಡದಿಂದ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ದ್ರವ ಹೆಪ್ಪುಗಟ್ಟದಿರಲೆಂದು ಗ್ಲೈಕಾಲ್ ಬಳಸುತ್ತಾರೆ. ನಮಗೆ ಅದರ ಉಪಯೋಗ ಕುದಿಯದಿರಲೆಂದು ಮತ್ತು ತುಕ್ಕು ಹಿಡಿಯದಿರಲೆಂದು.

ಹಾಗಾದರೆ ಗ್ಲೈಕಾಲ್ ಹೆಚ್ಚು ಹಾಕಿದಷ್ಟೂ ಒಳ್ಳೆಯದೇ ಎಂದರೆ, ಅಲ್ಲ. ಬರೀ ಗ್ಲೈಕಾಲ್ ನೀರಿನಷ್ಟು ಶಾಖ ಹೊರಲಾರದು. ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣ ಹೇಗೋ, ಇಲ್ಲಿಯೂ ಹಾಗೆಯೇ. ಅಳತೆ ಮೀರಿದರೆ ಗುಣ ಮೀರುವುದಿಲ್ಲ.

ಮಟ್ಟ ಸರಿಯಿದ್ದರೂ ಏಕೆ ಬದಲಿಸಬೇಕು?

ಸದಸ್ಯರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಟ್ಯಾಂಕಿನಲ್ಲಿ ಗೆರೆಯವರೆಗೂ ಹಸಿರು ನೀರು ಕಾಣುತ್ತಿರುವಾಗ ಚೆಲ್ಲುವುದೇಕೆ? ಕಾರಣ, ತುಕ್ಕು ತಡೆಯುವ ಔಷಧಿ ಕೆಲಸ ಮಾಡುತ್ತಾ ತಾನೇ ಖರ್ಚಾಗುತ್ತದೆ. ಶಾಖ ಮತ್ತು ಗಾಳಿಯ ಸಂಪರ್ಕದಿಂದ ಗ್ಲೈಕಾಲ್ ಕೂಡ ಕ್ರಮೇಣ ಹುಳಿಯಾಗುತ್ತದೆ. ಬಣ್ಣ ಹಾಗೇ ಇರಬಹುದು, ಗುಣ ಇರುವುದಿಲ್ಲ. ಹುಳಿಯಾದ ದ್ರವ ಅಲ್ಯುಮಿನಿಯಮ್ಮಿನ ಇಂಜಿನ್ ಮತ್ತು ರೇಡಿಯೇಟರನ್ನು ಒಳಗಿನಿಂದ ತಿನ್ನುತ್ತದೆ. ತಿಂದ ಪುಡಿ ಸಣ್ಣ ನಾಳಗಳಲ್ಲಿ ಕೂರುತ್ತದೆ.

ನೀರಿನ ವಿಷಯವನ್ನೂ ಹೇಳಬೇಕು. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಅಂಥ ನೀರು ಕಾಯಿಸುವ ಬಚ್ಚಲ ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಕಂಡಿದ್ದೇವೆ. ಅದೇ ಹಕ್ಕಳೆ ಇಂಜಿನ್ನಿನೊಳಗೂ ಕಟ್ಟುತ್ತದೆ. “ನಮ್ಮ ಹಳ್ಳದ ನೀರು ಮೆದು, ಹಕ್ಕಳೆ ಕಟ್ಟುವುದಿಲ್ಲ” ಎನ್ನುವವರಿದ್ದಾರೆ. ಮಾತು ನಿಜ. ಆದರೆ ಮೆದು ನೀರಿನಲ್ಲಿಯೂ ತುಕ್ಕು ತಡೆಯುವ ಔಷಧಿ ಇಲ್ಲ. ಜೀಪಿನ ಹಳೆಯ ಇಂಜಿನ್ ದಪ್ಪ ಎರಕದ ಕಬ್ಬಿಣದ್ದು, ರೇಡಿಯೇಟರ್ ತಾಮ್ರ-ಹಿತ್ತಾಳೆಯದು. ನಮ್ಮ ಅವಗಣನೆಯನ್ನು ಅದು ತಾಳಿಕೊಂಡಿತು. ತೆಳು ಅಲ್ಯುಮಿನಿಯಮ್ಮಿನ ಈ ಗಾಡಿಗಳಿಗೆ ಆ ತಾಳ್ಮೆ ಇಲ್ಲ.

ನಮ್ಮ ತೋಟದ ದಾರಿಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಹಿಂದೆ ಒಬ್ಬರನ್ನು ಕೂರಿಸಿ, ಮುಂದೊಂದು ಚೀಲವಿಟ್ಟು, ಒಂದನೆಯ ಗೇರಿನಲ್ಲಿ ಏರು ಹತ್ತುವಾಗ ಇಂಜಿನ್ನಿಗೆ ಕೆಲಸ ಪೂರ್ತಿ, ಎದುರು ಗಾಳಿ ಮಾತ್ರ ಇಲ್ಲ. ಫ್ಯಾನೊಂದೇ ಗತಿ. ಮಳೆಗಾಲದಲ್ಲಿ ಮುಂಚಕ್ರದ ಕೆಸರು ರೇಡಿಯೇಟರಿನ ಹಲ್ಲೆಗಳಿಗೆ ಬಡಿದು ಒಣಗಿ ಗಾಳಿಯ ದಾರಿ ಮುಚ್ಚುತ್ತದೆ. ಹೀಗಿರುವಲ್ಲಿ ಕೂಲೆಂಟ್ ಹಳತಾಗಿದ್ದರೆ ಬೇಸಿಗೆಯಲ್ಲಿ ಗಾಡಿ ಕಾಯುವುದು ಖಂಡಿತ.

ಬದಲಾವಣೆಯ ಅವಧಿ ಗಾಡಿಯೊಡನೆ ಕೊಟ್ಟ ಕೈಪಿಡಿಯಲ್ಲಿರುತ್ತದೆ. ಅನೇಕ ಗಾಡಿಗಳಿಗೆ ಇದು ಎರಡು ವರ್ಷದ ಸುತ್ತಿನಲ್ಲಿದೆ. ಕಿಲೋಮೀಟರ್ ಕಡಿಮೆ ಓಡಿದ್ದರೂ ವರ್ಷದ ಲೆಕ್ಕ ಹಿಡಿಯಬೇಕು. ಅವಧಿಗೆ ಮೊದಲೇ ದ್ರವ ಕಂದಾಗಿ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಕೈಗೆ ಗಸಿ ಸಿಕ್ಕರೆ, ಕಾಯುವುದು ಬೇಡ.

ಬೇಕಾಗುವ ಸಾಮಾನು

ಕೈಪಿಡಿ ಹೇಳುವ ಜಾತಿಯ ಕೂಲೆಂಟ್ ಕೊಳ್ಳಿ. ಇಂಥ ಸಣ್ಣ ಗಾಡಿಗಳಿಗೆ ಒಂದು ಲೀಟರಿನ ಆಸುಪಾಸು ಹಿಡಿಯುತ್ತದೆ. ನಿಖರ ಪ್ರಮಾಣ ಕೈಪಿಡಿಯಲ್ಲಿದೆ. ನೀರು ಬೆರೆಸಿ ಸಿದ್ಧವಾಗಿ ಬರುವ ಡಬ್ಬಿಗೆ ಮತ್ತೆ ನೀರು ಬೆರೆಸಬಾರದು. ಗಟ್ಟಿ ಕೂಲೆಂಟಾದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ಜಾತಿ ನಿರ್ಣಯಿಸಬೇಡಿ. ಬಣ್ಣ ತಯಾರಕರು ತಮ್ಮಿಷ್ಟದಂತೆ ಹಾಕುವಂಥದು. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗುವುದುಂಟು. ಹಳೆಯದನ್ನು ಪೂರ್ತಿ ತೊಳೆದು ತೆಗೆಯಬೇಕಾದದ್ದು ಇದಕ್ಕಾಗಿಯೇ.

ತೊಳೆಯಲು ನಾಲ್ಕೈದು ಲೀಟರ್ ಡಿಸ್ಟಿಲ್ಡ್ ವಾಟರ್ ಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದೇ ಕ್ಯಾನಿನಲ್ಲಿರುವುದರಿಂದ ಚೀಟಿ ಓದಿ ಕೊಳ್ಳಿ. ಇವಲ್ಲದೆ ಹೊಸ ವಾಷರ್, ಸ್ಪಾನರ್, ಅಗಲವಾದ ಬೇಸಿನ್, ಆಲಿಕೆ, ಲೀಟರ್ ಅಳತೆಯ ಪಾತ್ರೆ, ಚಿಂದಿ ಬಟ್ಟೆ, ಭದ್ರ ಮುಚ್ಚಳದ ಖಾಲಿ ಕ್ಯಾನು ಬೇಕು. ಮೈಲುತುತ್ತ ಅಳೆದ ಪಾತ್ರೆಯನ್ನಾಗಲಿ ಆಲಿಕೆಯನ್ನಾಗಲಿ ಖಂಡಿತ ಬಳಸಬೇಡಿ. ತಾಮ್ರದ ಅಂಶ ಸ್ವಲ್ಪ ಸೇರಿದರೂ ಅಲ್ಯುಮಿನಿಯಮ್ಮಿನಲ್ಲಿ ತೂತು ಬೀಳಲು ಶುರುವಾಗುತ್ತದೆ.

ಬದಲಿಸುವ ಕ್ರಮ

(1) ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ತೆಗೆದುಕೊಳ್ಳಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡ ಒಮ್ಮೆಲೇ ಇಳಿದರೆ ದ್ರವ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಮುಚ್ಚಳವನ್ನು ಯಾರೂ ಹಾಗೆ ತೆರೆಯುವುದಿಲ್ಲವಷ್ಟೆ.

(2) ಗಾಡಿಯನ್ನು ಸಮತಟ್ಟು ಜಾಗದಲ್ಲಿ ನೇರವಾಗಿ ನಿಲ್ಲಿಸಿ. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಒಬ್ಬರು ಹಿಡಿದುಕೊಳ್ಳಲಿ. ಓರೆಯಾಗಿ ನಿಂತ ಗಾಡಿಯಲ್ಲಿ ಹಳೆಯದು ಪೂರ್ತಿ ಇಳಿಯುವುದೂ ಇಲ್ಲ, ಹೊಸದರ ಮಟ್ಟ ತಿಳಿಯುವುದೂ ಇಲ್ಲ.

(3) ಬೇಸಿನ್ ಇಟ್ಟು, ವಾಟರ್ ಪಂಪಿನ ಬಳಿಯ ಡ್ರೇನ್ ಬೋಲ್ಟ್ ಬಿಚ್ಚಿ. ಇಂಜಿನ್ ಆಯಿಲ್ಲಿನ ಬೋಲ್ಟ್ ಬೇರೆ. ಕೈಪಿಡಿಯ ಚಿತ್ರ ನೋಡಿ ಗುರುತಿಸಿ. ಆಮೇಲೆ ರೇಡಿಯೇಟರ್ ಮುಚ್ಚಳಕ್ಕೆ ಬಟ್ಟೆ ಸುತ್ತಿ ನಿಧಾನವಾಗಿ ತೆರೆಯಿರಿ. ಗಾಳಿ ಸೇರಿದೊಡನೆ ದ್ರವ ಜೋರಾಗಿ ಇಳಿಯುತ್ತದೆ. ಪ್ಲಾಸ್ಟಿಕ್ ಟ್ಯಾಂಕನ್ನೂ ಖಾಲಿ ಮಾಡಿ. ಇದನ್ನು ಮರೆಯುವವರು ಬಹಳ.

(4) ಹೊರಬಂದ ದ್ರವವನ್ನು ಅಳೆದು ಬರೆದಿಟ್ಟುಕೊಳ್ಳಿ, ಬಣ್ಣವನ್ನೂ ಗಮನಿಸಿ. ತುಕ್ಕು, ಗಸಿ ಇದ್ದರೆ ಹೆಚ್ಚು ತೊಳೆಯಬೇಕು. ದ್ರವದ ಮೇಲೆ ಆಯಿಲ್ಲಿನ ಕೆನೆ ತೇಲುತ್ತಿದ್ದರೆ, ಅಥವಾ ಇಂಜಿನ್ ಆಯಿಲ್ ನೋಡುವ ಗಾಜಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ, ಒಳಗೆ ಗ್ಯಾಸ್ಕೆಟ್ ಅಥವಾ ಸೀಲು ಹೋಗಿದೆ ಎಂದರ್ಥ. ಆ ಗಾಡಿಯನ್ನು ಚಾಲೂ ಮಾಡದೆ ಮೆಕ್ಯಾನಿಕ್ಕಿಗೆ ತೋರಿಸಿ.

(5) ಬೋಲ್ಟ್ ಹಾಕಿ, ಡಿಸ್ಟಿಲ್ಡ್ ವಾಟರ್ ತುಂಬಿ, ಮುಚ್ಚಳ ಮುಚ್ಚಿ, ಇಂಜಿನ್ ಚಾಲೂ ಮಾಡಿ. ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗಬೇಕು. ಇಲ್ಲದಿದ್ದರೆ ತೊಳೆದದ್ದು ಅರ್ಧ ಭಾಗ ಮಾತ್ರ. ಆಮೇಲೆ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಇಳಿಸಿ. ಹೊರಬರುವ ನೀರು ತಿಳಿಯಾಗುವ ತನಕ ಹೀಗೆ ಎರಡು ಮೂರು ಸಲ ಮಾಡಿ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಲೋಹ ಬಿರುಕು ಬಿಟ್ಟೀತು. ಈ ಕೆಲಸಕ್ಕೆ ಅರ್ಧ ದಿನ ಬೇಕು. ಅವಸರ ಮಾಡುವವರು ಕೈ ಹಾಕದಿರುವುದು ಲೇಸು.

(6) ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ. ಅಲ್ಯುಮಿನಿಯಮ್ಮಿನ ಮರೆ ಬೇಗ ಹಾಳಾಗುತ್ತದೆ, ಆದಕಾರಣ ಹಿಡಿತ ಸಾಕು, ಪೈಲ್ವಾನಿಕೆ ಬೇಡ.

(7) ಹೊಸ ಕೂಲೆಂಟನ್ನು ಆಲಿಕೆಯಲ್ಲಿ ಸಣ್ಣಗೆ ಹುಯ್ಯಿರಿ. ನಡುವೆ ರಬ್ಬರ್ ಹೋಸುಗಳನ್ನು ಕೈಯಿಂದ ಒತ್ತುತ್ತಿದ್ದರೆ ಗಾಳಿಗುಳ್ಳೆ ಹೊರಬರುತ್ತದೆ. ಬಾಯಿಮಟ್ಟ ತುಂಬಿದ ಮೇಲೆ ಮುಚ್ಚಳ ತೆರೆದೇ ಮೂರು ನಾಲ್ಕು ನಿಮಿಷ ಇಂಜಿನ್ ನಡೆಸಿ, ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡಿ. ಮಟ್ಟ ಇಳಿದಂತೆ ತುಂಬಿಸುತ್ತಾ ಹೋಗಿ. ದ್ರವ ಬಿಸಿಯಾಗುವ ಮೊದಲೇ ಮುಚ್ಚಳ ಭದ್ರಪಡಿಸಿ. ಗಾಳಿ ಬಿಡಲು ಪ್ರತ್ಯೇಕ ಸ್ಕ್ರೂ ಇರುವ ಗಾಡಿಗಳಲ್ಲಿ ಕೈಪಿಡಿಯ ಕ್ರಮ ಅನುಸರಿಸಿ.

(8) ಪ್ಲಾಸ್ಟಿಕ್ ಟ್ಯಾಂಕನ್ನು ಎರಡು ಗೆರೆಗಳ ನಡುವೆ ತುಂಬಿ. ಒಳಹೋದ ಪ್ರಮಾಣವನ್ನು ಕೈಪಿಡಿಯ ಅಂಕಿಯೊಡನೆ ಹೋಲಿಸಿ. ಬಹಳ ಕಡಿಮೆ ಹಿಡಿದಿದ್ದರೆ ಒಳಗೆ ಗಾಳಿಯಾಗಲಿ ತೊಳೆದ ನೀರಾಗಲಿ ಉಳಿದಿದೆ. ಗಾಳಿ ಸಿಕ್ಕಿಕೊಂಡ ಕಡೆ ದ್ರವ ಹರಿಯದೆ ಇಂಜಿನ್ ಕಾಯುತ್ತದೆ.

(9) ಒಂದು ಸುತ್ತು ಹೋಗಿ ಬಂದು, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡಿ. ಬೋಲ್ಟಿನ ಬಳಿ, ಪಂಪಿನ ಕೆಳಗಿನ ಸಣ್ಣ ತೂತಿನ ಬಳಿ ತೊಟ್ಟಿಕ್ಕುತ್ತಿದೆಯೇ ಪರೀಕ್ಷಿಸಿ. ಆ ತೂತಿನಿಂದ ಕೂಲೆಂಟ್ ಬಂದರೆ ಪಂಪಿನ ಸೀಲು ಸವೆದಿದೆ. ಸೋರುತ್ತದೆಂದು ತೂತನ್ನು ಮುಚ್ಚಬೇಡಿ.

ರೇಡಿಯೇಟರಿನ ಹೊರಭಾಗದ ಬಗ್ಗೆ ಒಂದು ಮಾತು. ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರಿನಿಂದಲೇ ಗಾಡಿ ತೊಳೆಯುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಆ ಒತ್ತಡಕ್ಕೆ ರೇಡಿಯೇಟರಿನ ತೆಳು ಹಲ್ಲೆಗಳು ಮಡಚಿ ಗಾಳಿಯ ದಾರಿ ಕಾಯಂ ಆಗಿ ಮುಚ್ಚುತ್ತದೆ. ಜೊತೆಗೆ ಪೈಪಿನಲ್ಲಿ ಉಳಿದ ಮೈಲುತುತ್ತವೂ ಅಂಟುತ್ತದೆ. ಮೆದು ಬ್ರಷ್ಷು, ಸಾದಾ ನೀರಿನ ಪೈಪು ಸಾಕು.

ನನ್ನ ಎರಡನೆಯ ತಪ್ಪು

ಮೇಲಿನ ಕ್ರಮವನ್ನೆಲ್ಲ ಕಲಿತು ಮುಂದಿನ ಸಲ ನಾನೇ ಕೂಲೆಂಟ್ ಬದಲಿಸಿದೆ. ಕೆಲಸ ಚೆನ್ನಾಗಿಯೇ ಆಯಿತು. ಹಳೆಯದು ತುಂಬಿದ ಬೇಸಿನ್ನನ್ನು ಕಣದ ಮೂಲೆಯಲ್ಲಿಟ್ಟು ಊಟಕ್ಕೆ ಹೋದೆ. ಬಂದು ನೋಡುವಾಗ ಮನೆಯ ನಾಯಿ ಕರಿಯ ಅದನ್ನು ನೆಕ್ಕುತ್ತಿತ್ತು. ಗದರಿಸಿ ಓಡಿಸಿದೆ. ನೀರು ತಾನೇ ಎಂದುಕೊಂಡೆ. ಸಂಜೆಯ ಹೊತ್ತಿಗೆ ಅದು ಹೆಂಡ ಕುಡಿದವರಂತೆ ತೂರಾಡತೊಡಗಿತು, ವಾಂತಿ ಮಾಡಿತು. ಮರುದಿನ ಬೆಳಿಗ್ಗೆ ಎದ್ದು ಬಾಲ ಅಲ್ಲಾಡಿಸಿದ್ದನ್ನು ಕಂಡು ವಾಸಿಯಾಯಿತೆಂದು ಸಮಾಧಾನಪಟ್ಟೆವು. ಆ ರಾತ್ರಿಯಿಂದ ಮೂತ್ರ ನಿಂತಿತು. ಪಶುವೈದ್ಯರು ಬಂದು ಬೇಸಿನ್ ವಿಷಯ ಕೇಳಿದೊಡನೆ ತಲೆಯಾಡಿಸಿದರು. ಮೂರನೆಯ ದಿನ ಕರಿಯ ತೀರಿಕೊಂಡಿತು. ಹತ್ತು ವರ್ಷ ಆ ಕಣ ಕಾದ ನಾಯಿ ಅದು.

ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಪ್ರಾಣಿಗಳು ಅದನ್ನು ಇಷ್ಟಪಟ್ಟು ನೆಕ್ಕುವುದುಂಟು. ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಹಂತಹಂತವಾಗಿ ಆಮ್ಲಗಳನ್ನಾಗಿ ಮಾರ್ಪಡಿಸುತ್ತದೆ. ಕೊನೆಗೆ ಹುಟ್ಟುವ ಆಕ್ಸಾಲಿಕ್ ಆಮ್ಲವು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಕೆಸುವಿನ ಸೊಪ್ಪು ಬಾಯಿ ತುರಿಸುವುದೂ ಇದೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿಂದ. ಬಾಯಲ್ಲೇ ಅಷ್ಟು ಕಾಟ ಕೊಡುವ ಹರಳು ಮೂತ್ರಪಿಂಡದೊಳಗೇ ಹುಟ್ಟಿದರೆ ಆಗುವುದನ್ನು ಊಹಿಸಿಕೊಳ್ಳಿ. ನಾಯಿಯ ದೇಹತೂಕದ ಪ್ರತಿ ಕಿಲೋಗೆ ಐದಾರು ಮಿಲಿಲೀಟರ್ ಬರೀ ಗ್ಲೈಕಾಲ್ ಪ್ರಾಣಾಂತಿಕ. ಬೆಕ್ಕಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ದನಕರುಗಳಿಗೂ ಮನುಷ್ಯರಿಗೂ ಅದು ವಿಷವೇ. ನಡುವೆ ಗುಣವಾದಂತೆ ತೋರುವುದು ಈ ವಿಷದ ಲಕ್ಷಣ. ಆ ಹೊತ್ತಿಗೆ ಒಳಗೆ ಹಾನಿ ನಡೆದಿರುತ್ತದೆ. ಚಿಕಿತ್ಸೆ ಇದೆ, ಆದರೆ ಮೊದಲ ಕೆಲವೇ ಗಂಟೆಗಳಲ್ಲಿ ಆಗಬೇಕು. ಆದುದರಿಂದ ಮಗುವಾಗಲಿ ಪ್ರಾಣಿಯಾಗಲಿ ಕುಡಿದಿರಬಹುದೆಂಬ ಸಂಶಯ ಬಂದ ಕೂಡಲೇ, ಲಕ್ಷಣಕ್ಕೆ ಕಾಯದೆ, ಕೂಲೆಂಟ್ ಡಬ್ಬಿಯ ಸಮೇತ ವೈದ್ಯರ ಬಳಿಗೆ ಒಯ್ಯಿರಿ.

ಈ ದೃಷ್ಟಿಯಿಂದ ಸದಸ್ಯರು ಪಾಲಿಸಬೇಕಾದ ನಿಯಮಗಳು ಕೆಲವೇ. ಬೇಸಿನ್ ಬಳಿ ಒಬ್ಬರು ಇದ್ದೇ ಇರಬೇಕು. ನೆಲಕ್ಕೆ ಚೆಲ್ಲಿದ್ದನ್ನು ಮರದ ಪುಡಿಯಿಂದ ಹೀರಿಸಿ ತೆಗೆದು, ಜಾಗ ತೊಳೆಯಬೇಕು. ಹಳೆಯದನ್ನೂ ಮೊದಲು ತೊಳೆದ ನೀರನ್ನೂ ಕ್ಯಾನಿಗೆ ತುಂಬಿ “ವಿಷ” ಎಂದು ಬರೆದು ಬೀಗದೊಳಗಿಡಬೇಕು. ಕುಡಿಯುವ ನೀರಿನ ಅಥವಾ ಶರಬತ್ತಿನ ಬಾಟಲಿಗೆ ತುಂಬಲೇಬಾರದು. ಲೈನ್ ಮನೆಯ ಮಕ್ಕಳು ಕಣದಲ್ಲೇ ಆಡುವವರು. ಚರಂಡಿಗೆ, ಹಳ್ಳಕ್ಕೆ, ಅಡಿಕೆ ಬುಡಕ್ಕೆ ಸುರಿಯಬಾರದು. ಪಲ್ಪರ್ ನೀರು ಹಳ್ಳ ಸೇರಿದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಹೀರಿ ಮೀನು ಸಾಯುವುದನ್ನು ಬಲ್ಲೆವು. ಗ್ಲೈಕಾಲ್ ಕೂಡ ಹಾಗೆಯೇ ಆಮ್ಲಜನಕ ತಿನ್ನುತ್ತದೆ. ಹಳೆಯ ಆಯಿಲ್ಲಿನೊಡನೆ ಬೆರೆಸದೆ, ತ್ಯಾಜ್ಯವನ್ನು ಕ್ರಮವಾಗಿ ವಿಲೇವಾರಿ ಮಾಡುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.

ಒಬ್ಬೊಬ್ಬರೇ ಒಂದೊಂದು ಲೀಟರ್ ಹೊತ್ತು ಪೇಟೆಗೆ ಹೋಗುವುದು ಕಷ್ಟವೆಂದು ಬಲ್ಲೆ. ಆದುದರಿಂದ ಸಂಘದ ಗೋದಾಮಿನ ಹಿಂದಿನ ಬೀಗದ ಕೋಣೆಯಲ್ಲಿ ಇದಕ್ಕೆಂದೇ ಒಂದು ಡ್ರಮ್ ಇಟ್ಟು, ತುಂಬಿದಾಗ ಒಟ್ಟಿಗೆ ಕಳುಹಿಸುವ ಸಲಹೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಇಡುತ್ತಿದ್ದೇನೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ತಿಳಿಸಬೇಕಾಗಿ ಕೋರಿಕೆ. ಅಲ್ಲಿಯವರೆಗೆ, ಕಳೆದ ಬಾರಿ ಕೂಲೆಂಟ್ ಬದಲಿಸಿದ ತಾರೀಖು ನೆನಪಿಲ್ಲದವರು ಈ ಹೂಮಳೆಗೆ ಮುಂಚೆ ಒಮ್ಮೆ ಬದಲಿಸಿ, ತಾರೀಖನ್ನು ಟ್ಯಾಂಕಿನ ಮೇಲೆ ಬರೆದಿಡಿ. ಕೆಲಸ ಮುಗಿದ ಮೇಲೆ ಬೇಸಿನ್ ಎಲ್ಲಿದೆ ಎಂದು ನೋಡಿಯೇ ಊಟಕ್ಕೆ ಹೋಗಿ.

— ಕಾರ್ಯದರ್ಶಿ